ಉಸಿರು ತೆಗೆಯಬೇಡಿ

೯ ಜನವರಿ

ತಂಗೀ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ, ಇದೇನು ಭಾವ ಫೋನ್ ಬಿಟ್ಟು ಕಾಗದ ಹಿಡಿದಿದ್ದಾರೆ ಅಂದುಕೊಂಡಿರ್ತೀಯ. ಫೋನಿನಲ್ಲಿ ನಮ್ಮಿಬ್ಬರ ಕೊನೆಯ ಮಾತು ಹೇಗೆ ಮುಗೀತು ಅಂತ ಇಬ್ಬರಿಗೂ ನೆನಪಿದೆ. ಕಾಗದ ಆದರೆ ನೀನು ಅರ್ಧಕ್ಕೇ ಮಡಚಿಟ್ಟರೂ ನನಗೆ ಗೊತ್ತಾಗಲ್ಲ, ಅದೊಂದು ಅನುಕೂಲ.

ತಮ್ಮ ಹೋಗಿ ಬರೋ ತಿಂಗಳಿಗೆ ಎರಡು ವರ್ಷ. ಅವನು ಆ ಕೊನೆಯ ಏಳು ತಿಂಗಳು ನನ್ನ ಸ್ಟುಡಿಯೋದಲ್ಲಿ ಹಾಡಿದ ಒಂಬತ್ತು ಹಾಡು ಹಾಗೇ ಬಿದ್ದಿವೆ. ಅವನ ದನಿ ಒಂದು ಕಡೆ, ಗಿಟಾರ್ ಒಂದು ಕಡೆ, ಡ್ರಮ್ಮು, ಆ ದಪ್ಪ ಪಿಟೀಲು ಚೆಲೋ, ಇನ್ನೊಂದು ಕಡೆ. ಅವನ್ನೆಲ್ಲ ಹದವಾಗಿ ಕೂಡಿಸಿ ಒಂದು ಹಾಡು ಅನ್ನಿಸೋ ಹಾಗೆ ಮಾಡಬೇಕು. ಮೂವತ್ತೊಂದು ವರ್ಷದಿಂದ ಇದನ್ನೇ ಮಾಡ್ಕೊಂಡು ಬಂದವನು, ಈ ಒಂಬತ್ತನ್ನ ಮಾತ್ರ ಮುಟ್ಟೋಕೆ ಆಗಿಲ್ಲ. ಕಂಪನಿಯವರು ಸೆಪ್ಟೆಂಬರಿಗೆ ಹೊರತರೋಣ ಅಂತಿದ್ದಾರೆ. ಹಾಡುಗಳು ಈಗ ನಿನ್ನವು. ನೀನು ಹೂಂ ಅಂದರೆ ಶುರು ಮಾಡ್ತೀನಿ. ಬೇಡ ಅಂದರೆ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ, ಇನ್ನೊಂದು ಮಾತು ಕೇಳಲ್ಲ.

ನಾನು ಚೆನ್ನಾಗಿದ್ದೀನಿ. ಮಂಡಿನೋವು ಬಿಟ್ಟರೆ ದೂರು ಹೇಳುವಂಥದ್ದೇನಿಲ್ಲ. ನೀನು ಈಗಲೂ ಆ ಭಾರದ ಸಲಕರಣೆ ಚೀಲ ಹೆಗಲಿಗೆ ಹಾಕ್ಕೊಂಡು ಮೆಟ್ಟಿಲು ಹತ್ತಿ ಊರವರ ಪಿಯಾನೋಗಳ ಶ್ರುತಿ ಸರಿಮಾಡ್ತಿದ್ದೀಯ ಅಂತ ಕೇಳಿದೆ. ಒಂದು ಗಾಲಿ ಚೀಲ ತಗೋಬಾರದಾ.

ನಿನ್ನ ಭಾವ

೨೬ ಜನವರಿ

ಭಾವ,

ಮಾಡಿ. ಮಾಡಬೇಡಿ ಅನ್ನೋಕೆ ನಾನ್ಯಾರು. ಅವನು ಹಾಡಿದ್ದು ಜನ ಕೇಳಲಿ ಅಂತಲೇ.

ಎರಡು ಮಾತು. ಮುಗಿಯೋ ತನಕ ನನಗೇನೂ ಕಳಿಸಬೇಡಿ, ನನಗೆ ಕೇಳೋ ಧೈರ್ಯ ಇಲ್ಲ. ಎರಡನೆಯದು, ಸಾಲುಸಾಲಿನ ನಡುವೆ ಹಾಡುವವರು ಎಳೆದುಕೊಳ್ಳೋ ಉಸಿರನ್ನ ನಿಮ್ಮ ಕಡೆಯವರು ಕತ್ತರಿಸಿ ತೆಗೆದುಬಿಡ್ತೀರಂತೆ, ಚೊಕ್ಕಟವಾಗಲಿ ಅಂತ. ಅವನದ್ದು ತೆಗೆಯಬೇಡಿ. ಒಂದನ್ನೂ.

ಚೀಲದ ಹಿಡಿಕೆಗೆ ಮೆತ್ತೆ ಹೊಲಿದುಕೊಂಡಿದ್ದೀನಿ. ಗಾಲಿ ಬೇಡ.

ಇಂತಿ
ನಿಮ್ಮ ತಮ್ಮನ ಹೆಂಡತಿ

೧೭ ಫೆಬ್ರವರಿ

ತಂಗೀ,

ಮಾತು ಮೀರ್ತಿದ್ದೀನಿ. ಇದರ ಜೊತೆ ಮೂರು ಹಾಡು ಕಳಿಸಿದ್ದೀನಿ. ಬೈದುಕೋ, ಆದರೆ ಕೇಳು.

ಕಂಪನಿಯ ಮುಖ್ಯಸ್ಥರಿಗೂ ಇವನ್ನೇ ಕಳಿಸಿದ್ದೆ. 'ದನಿ ಸ್ವಲ್ಪ ಚುಚ್ಚುತ್ತಲ್ವಾ' ಅಂತ ಬರೆದರು. ದೊಡ್ಡ ಮನುಷ್ಯರು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರ ಸ್ಪೀಕರುಗಳೇ ಅಂಥವು ಅಂತ ನಾನು ಸಮಾಧಾನ ಮಾಡ್ಕೊಂಡೆ. ನಿನಗೆ ಹೇಗೆ ಕೇಳಿಸುತ್ತೆ ಅಂತ ಒಂದು ಸಾಲು ಬರಿ ಸಾಕು.

ಇನ್ನೊಂದು ವಿಷಯ. ಮೂರನೆಯ ಹಾಡಿನಲ್ಲಿ ಎರಡನೇ ಚರಣ ಮುಗಿದ ಮೇಲೆ ಚೆಲೋ ಒಂದೇ ನುಡಿಯೋ ಜಾಗ ಇದೆ. ಅಲ್ಲಿ ಹಿಂದೆ ಯಾರೋ ಗುನುಗ್ತಾರೆ. ಬಾಯಿ ಮುಚ್ಚಿಕೊಂಡು, ಅಡುಗೆ ಮಾಡ್ತಾ ಗುನುಗ್ತಾರಲ್ಲ, ಹಾಗೆ. ಒಂದೊಂದೇ ವಾದ್ಯ ಬಾಯಿ ಮುಚ್ಚಿಸಿ ಹುಡುಕಿದೆ. ಚೆಲೋದಲ್ಲಿಲ್ಲ, ಗಿಟಾರಿನಲ್ಲಿಲ್ಲ, ಪರದೆಯ ಮೇಲೆ ಅವನ ದನಿಯ ಸಾಲಿನಲ್ಲಿ ಆ ಹೊತ್ತಿಗೆ ಬರೀ ನೆಟ್ಟಗಿನ ಗೆರೆ. ಎಲ್ಲ ಕೂಡಿಸಿದರೆ ಮತ್ತೆ ಗುನುಗುತ್ತೆ. ಮೊನ್ನೆ ಯಂತ್ರಗಳನ್ನೆಲ್ಲ ಆರಿಸಿ ಕೋಟು ಹಾಕ್ಕೊಳ್ತಿದ್ದೆ, ಆಗಲೂ ಗುನುಗಿತು. ಸ್ಪೀಕರು ಮುಟ್ಟಿ ನೋಡಿದೆ, ತಣ್ಣಗಿತ್ತು.

ಅವನು ಮನೆಯಲ್ಲಿ ಹಾಗೆ ಗುನುಗ್ತಿದ್ದನಾ? ಅವನು ಹಾಗೆ ಮಾಡಿದ್ದು ನನಗಂತೂ ನೆನಪಿಲ್ಲ. ನೀನು ಆ ಜಾಗ ಕೇಳಿ, ಇದೆ ಅಥವಾ ಇಲ್ಲ ಅಂತ ಹೇಳು. ಯಾವುದಾದರೂ ಸರಿ.

ನಿನ್ನ ಭಾವ

೫ ಮಾರ್ಚ್

ಭಾವ,

ಹನ್ನೊಂದು ದಿನ ಮೇಜಿನ ಮೇಲೇ ಇಟ್ಟಿದ್ದೆ. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ, ಬೂಟು ಹಾಕ್ಕೊಂಡೇ, ನಿಂತೇ ಕೇಳಿದೆ. ಕೂತರೆ ಏಳಲ್ಲ ಅಂತ.

ನೇರವಾಗಿ ಬರೀತೀನಿ. ಅವನ 'ಸ', 'ಶ', 'ಚ' ಎಲ್ಲ ಸೂಜಿ. ಡ್ರಮ್ಮಿನ ತಾಳದ ತಟ್ಟೆಗಳು ಅಡುಗೆಮನೆಯಲ್ಲಿ ಚಮಚೆ ಚೆಲ್ಲಿದ ಹಾಗಿವೆ. ಉಸಿರು ಉಳಿಸಿದ್ದೀರಿ ನಿಜ, ಆದರೆ ಅದು ಹಾಡಿಗಿಂತ ಜೋರಾಗಿದೆ. ಅವನು ಓಡಿ ಬಂದು ಹಾಡಿದ ಹಾಗೆ ಕೇಳಿಸುತ್ತೆ. ನೀವು ಇಪ್ಪತ್ತು ವರ್ಷದ ಹಿಂದೆ ಮಾಡಿದ ಅವನ ಮೊದಲ ಹಾಡುಗಳು ನನ್ನ ಹತ್ತಿರ ಇವೆ. ಅವನ್ನ ಹಾಕಿ ನೋಡಿದೆ. ರೇಷ್ಮೆ. ಎರಡನ್ನೂ ಒಂದೇ ಕೈ ಮಾಡಿದ್ದು ಅಂದರೆ ಯಾರೂ ನಂಬಲ್ಲ.

ಹಳೇ ಶ್ರುತಿಗಾರರು ಒಬ್ಬರಿದ್ದರು, ನನಗೆ ಕೆಲಸ ಕಲಿಸಿದವರು. ಕೊನೆಗಾಲದಲ್ಲಿ ಅವರು ಮುಟ್ಟಿದ ಪಿಯಾನೋಗಳ ಎತ್ತರದ ಸ್ವರಗಳೆಲ್ಲ ಇದೇ ಥರ ಆಗಿದ್ದವು. ಯಾರೂ ಅವರಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಿಮಗೆ ಹೇಳ್ತಿದ್ದೀನಿ. ಭಾವ, ನಿಮಗೆ ಕಿವಿ ಕೇಳಿಸ್ತಿಲ್ಲ.

ಎಷ್ಟು ದಿನದಿಂದ?

ಮೂರನೆಯ ಹಾಡಿನಲ್ಲಿ ಯಾರೂ ಗುನುಗ್ತಿಲ್ಲ. ಐದು ಸಲ ಕೇಳಿದೆ. ಅವನು ಮನೆಯಲ್ಲಿ ಗುನುಗ್ತಿದ್ದ, ಪಾತ್ರೆ ತೊಳೆಯುವಾಗ.

ಇಂತಿ
ನಾನು

೩೦ ಮಾರ್ಚ್

ತಂಗೀ,

ಎಷ್ಟು ದಿನದಿಂದ ಅಂತ ಕೇಳಿದೆ. ಆರು ವರ್ಷ. ನನ್ನ ಬಾಯಿಂದ ಈ ಮಾತು ಇನ್ನೂ ಹೊರಗೆ ಬಂದಿಲ್ಲ, ಕೈ ಮಾತ್ರ ಬರೀತಿದೆ.

ಒಂದು ಬೆಳಿಗ್ಗೆ ಫ್ರಿಜ್ಜು ಕೂಗ್ತಿದೆ ಅಂದುಕೊಂಡೆ. ಅದರ ಪ್ಲಗ್ಗು ಕಿತ್ತೆ. ಆಮೇಲೆ ಟ್ಯೂಬ್‌ಲೈಟ್ ಇರಬೇಕು ಅಂತ ಅದನ್ನ ಆರಿಸಿದೆ. ಕೊನೆಗೆ ಮೀಟರಿನ ಹತ್ತಿರ ಹೋಗಿ ಮೇನ್ ಸ್ವಿಚ್ಚೇ ತೆಗೆದೆ. ಇಡೀ ಮನೆ ತೆಪ್ಪಗಾಯ್ತು. ಆ ಕೂಗು ನಿಲ್ಲಲಿಲ್ಲ. ಇವತ್ತಿಗೂ ನಿಂತಿಲ್ಲ. ತೆಳ್ಳಗೆ, ಒಂದೇ ಸಮ, ಗಾಜಿನ ಲೋಟದ ಅಂಚಿನ ಮೇಲೆ ಒದ್ದೆ ಬೆರಳು ಎಳೆದ ಹಾಗೆ. ಎಳೆಯೋ ಬೆರಳು ಮಾತ್ರ ಎತ್ತಲ್ಲ.

ಒಂದು ವರ್ಷ ಕಳೆದ ಮೇಲೆ ಕಿವಿಯ ಪರೀಕ್ಷೆಗೆ ಹೋದೆ. ಸದ್ದು ಕೇಳಿಸಿದಾಗ ಬಟನ್ ಒತ್ತಿ ಅಂದರು. ಶುರುವಿನಲ್ಲಿ ಚೆನ್ನಾಗಿ ಒತ್ತಿದೆ. ಆಮೇಲೆ ತುಂಬಾ ಹೊತ್ತು ಒತ್ತಲೇ ಇಲ್ಲ. ಮಿಷನ್ನು ಕೆಟ್ಟಿದೆಯಾ ಅಂತ ಕೇಳಿದೆ. ಗಾಜಿನ ಆಚೆ ಆ ಹೆಣ್ಣುಮಗಳು ನನ್ನನ್ನೇ ನೋಡ್ತಿದ್ದಳು. ಅವಳು ಕೊಟ್ಟ ನಕ್ಷೆಯಲ್ಲಿ ಗೆರೆ ಅರ್ಧದವರೆಗೆ ಸಂಭಾವಿತನ ಹಾಗೆ ನಡೆದು ಬಂದು, ಮೆಟ್ಟಿಲಲ್ಲಿ ಕಾಲು ಜಾರಿದವನ ಹಾಗೆ ಕೆಳಕ್ಕೆ ಹೋಗಿತ್ತು. ಎತ್ತರದ ಸದ್ದು, ಮೆತ್ತಗಿನ ಸದ್ದು, ಎರಡೂ ನನ್ನ ಪಾಲಿಗಿಲ್ಲ. ಫೋನಿನಲ್ಲಿ ನೀನು 'ಸಾಕು' ಅಂದೆಯೋ 'ಬೇಕು' ಅಂದೆಯೋ ನನಗೆ ಗೊತ್ತಾಗಲ್ಲ. ಅದಕ್ಕೇ ಈ ಕಾಗದ.

ಕೆಲಸ ಹೇಗೆ ನಡೆಸಿದೆ ಅಂತೀಯಾ? ಅರ್ಧ ಅಭ್ಯಾಸದಿಂದ, ಅರ್ಧ ಕಣ್ಣಿನಿಂದ. ಹಾಡು ಹಾಕಿ ಗಿರಾಕಿಯ ಹುಬ್ಬು ನೋಡ್ತಿದ್ದೆ. ಹುಬ್ಬು ಗಂಟಿಕ್ಕಿದರೆ ಒಂದು ಗುಂಡಿ ತಿರುಗಿಸೋದು, ಸಡಿಲವಾದರೆ 'ಹಾಂ, ಈಗ ಬಂತು' ಅನ್ನೋದು. ಹೊಟ್ಟೆಪಾಡು, ಮಾನ, ಎರಡೂ ಹುಬ್ಬಿನ ಮೇಲೆ ನಡೀತು. ಆ ಗುನುಗಿನ ವಿಷಯ ಡಾಕ್ಟರಿಗೆ ಹೇಳಿದೆ. ಕಿವಿಯಿಂದ ಬರೋದು ಕಮ್ಮಿಯಾದಾಗ ಮಿದುಳು ಖಾಲಿ ಜಾಗಕ್ಕೆ ತಾನೇ ಏನಾದರೂ ತುಂಬಿಕೊಳ್ಳುತ್ತಂತೆ. ನನ್ನ ಮಿದುಳು ಅವನನ್ನ ತುಂಬಿಕೊಂಡಿದೆ.

ಈಗ ನಿಜವಾಗಿ ಹೇಳಬೇಕಾದ್ದು. ನೀನು ಉಸಿರು ತೆಗೆಯಬೇಡಿ ಅಂದೆ. ನನಗೆ ಅವನ ಉಸಿರು ಕೇಳಿಸಲ್ಲ, ಕಾಣಿಸುತ್ತೆ. ಸದ್ದನ್ನ ಬಣ್ಣ ಮಾಡಿ ತೋರಿಸೋ ಪರದೆ ಒಂದಿದೆ. ಜೂನಿನಲ್ಲಿ ಹಾಡಿದ್ದರಲ್ಲಿ ಉಸಿರು ಮಂಜಿನ ಹಾಗಿದೆ. ಆಗಸ್ಟಿನಿಂದ ಆ ಮಂಜಿನೊಳಗೆ ಕೂದಲೆಳೆಯಷ್ಟು ಒಂದು ಗೆರೆ. ಅಕ್ಟೋಬರಿನಲ್ಲಿ ಮೂರು. ಡಿಸೆಂಬರಿನಲ್ಲಿ ಬಾಚಣಿಗೆ. ಅದು ಸೀಟಿ. ಎದೆಯೊಳಗಿನ ಸೀಟಿ. ಜನವರಿಯಲ್ಲಿ ಆಸ್ಪತ್ರೆಯಲ್ಲಿ ಏನಂದರು ನೆನಪಿದೆಯಲ್ಲ. ಐದಾರು ತಿಂಗಳು ಮೊದಲೇ ಬಂದಿದ್ದರೆ ಅಂದರು.

ಅವನ ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಮೈಕು. ಆ ಮೈಕಿನ ಇನ್ನೊಂದು ತುದಿಯಲ್ಲಿ ನನ್ನ ಕಿವಿ. ಅವನ ಉಸಿರಿಗೆ ಅಷ್ಟು ಹತ್ತಿರ ಯಾರೂ ಇರಲಿಲ್ಲ, ನೀನೂ ಇರಲಿಲ್ಲ. ಬೇರೆ ಯಾವನಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ ಆಗಸ್ಟಿನಲ್ಲೇ, ಏನಪ್ಪಾ ನಿನ್ನ ಎದೆ ಹೀಗೆ ಅಂತ ಕೇಳಿರ್ತಿದ್ದ.

ಇದಕ್ಕೆ ಉತ್ತರ ಬರೀಲೇಬೇಕು ಅಂತಿಲ್ಲ.

ನಿನ್ನ ಭಾವ

೧೯ ಮೇ

ಭಾವ,

ನಿಮ್ಮ ಕಾಗದವನ್ನ ಒಂದು ಶಾಲೆಯ ಸಂಗೀತದ ಕೋಣೆಯಲ್ಲಿ ಒಡೆದೆ. ಪಿಯಾನೋ ಬಿಚ್ಚಿಟ್ಟಿದ್ದೆ, ಮಧ್ಯದ ಎರಡು ಸಪ್ತಕ ಮುಗಿದಿತ್ತು. ಅಲ್ಲಿಗೇ ಬಿಟ್ಟು ಮನೆಗೆ ಬಂದೆ. ಹದಿನೆಂಟು ವರ್ಷದಲ್ಲಿ ಹಾಗೆ ಬಿಟ್ಟು ಬಂದದ್ದು ಅದೇ ಮೊದಲು. ಮಾರನೇ ದಿನ ಆ ಟೀಚರು ಫೋನ್ ಮಾಡಿ, ಅರ್ಧ ಪಿಯಾನೋ ದೇವಲೋಕದಲ್ಲಿದೆ, ಅರ್ಧ ನಮ್ಮ ಶಾಲೆಯಲ್ಲೇ ಇದೆ, ಏನು ಮಾಡಲಿ ಅಂದರು.

ಕ್ಷಮಿಸಿದೆ ಅಂತ ಬರೆಯೋಣ ಅಂತ ಕೂತೆ, ಕೈ ಓಡಲಿಲ್ಲ. ಜನ್ಮದಲ್ಲಿ ಕ್ಷಮಿಸಲ್ಲ ಅಂತ ಬರೆಯೋಣ ಅಂತ ಕೂತೆ, ಅದಕ್ಕೂ ಓಡಲಿಲ್ಲ. ಏಳು ವಾರ ಹೀಗೇ ಆಯ್ತು.

ಕೆಲಸದ ಮಾತಿಗೆ ಬರ್ತೀನಿ. ಆ ಹಾಡುಗಳು ಈ ಸ್ಥಿತಿಯಲ್ಲಿ ಹೊರಗೆ ಹೋಗಬಾರದು. ಬೇರೆಯವರ ಕೈಗೂ ಹೋಗಬಾರದು. ಜೂನ್ ಎರಡನೇ ವಾರ ಬರ್ತೀನಿ. ನಿಮ್ಮ ಪಕ್ಕ ಕೂತು ನಾನು ಕೇಳ್ತೀನಿ, ಗುಂಡಿ ನೀವು ತಿರುಗಿಸಿ. ಅದಕ್ಕೆ ಮುಂಚೆ ಕಂಪನಿಯವರಿಗೆ ನಿಮ್ಮ ಕಿವಿಯ ವಿಷಯ ನೀವೇ ಹೇಳಿರಬೇಕು. ಹೇಳದಿದ್ದರೆ ಬಾಗಿಲಿಂದಲೇ ವಾಪಸ್.

ಕಿವಿಗೆ ಹಾಕ್ಕೊಳ್ಳೋ ಯಂತ್ರಕ್ಕೂ ಅಳತೆ ಕೊಡಿ. ಹಟ ಸಾಕು.

ಇಂತಿ
ನಾನು

೨ ಜುಲೈ

ತಂಗೀ,

ನೀನು ಹೋಗಿ ಹತ್ತು ದಿನ. ನೀನು ಕೂತಿದ್ದ ಕುರ್ಚಿಯನ್ನ ಇನ್ನೂ ಅಲ್ಲಿಂದ ಸರಿಸಿಲ್ಲ.

ಒಂಬತ್ತು ದಿನ, ಒಂಬತ್ತು ಹಾಡು. ಮೊದಲ ದಿನ ನಾವು ಆಡಿದ್ದು ಬಹುಶಃ ಇಪ್ಪತ್ತು ಮಾತು. ಪೆನ್ಸಿಲ್ಲಿನಿಂದ ನೀನು ಮೇಜು ಒಂದು ಸಲ ತಟ್ಟಿದರೆ ಚುಚ್ಚುತ್ತೆ ಅಂತ, ಎರಡು ಸಲ ತಟ್ಟಿದರೆ ಮಂಕಾಯ್ತು ಅಂತ. ತಟ್ಟದೆ ಕಣ್ಣು ಮುಚ್ಚಿದರೆ ಸರಿಯಾಯ್ತು ಅಂತ. ನಾಲ್ಕನೇ ದಿನದ ಹೊತ್ತಿಗೆ ನೀನು ತಟ್ಟೋ ಮುಂಚೆಯೇ ನನ್ನ ಕೈ ಹೋಗ್ತಿತ್ತು. ಹಾಡು ಕೇಳಿಸದಿದ್ದರೂ ನಿನ್ನ ಮಣಿಕಟ್ಟು ಕಾಣಿಸ್ತಿತ್ತಲ್ಲ. ಹಳೇ ಕಸುಬು, ಹುಬ್ಬಿನ ಬದಲು ಮಣಿಕಟ್ಟು ಅಷ್ಟೇ.

ಸ್ಟುಡಿಯೋದ ಪಿಯಾನೋ ಮುಂದೆ ನನ್ನನ್ನ ಕೂರಿಸಿ ಒಂದೊಂದೇ ಮನೆ ಒತ್ತುತ್ತಾ ಬಲಕ್ಕೆ ಹೋದೆಯಲ್ಲ. ಸ್ವರ ಸಣ್ಣಗಾಗ್ತಾ ಆಗ್ತಾ, ಕೊನೆಯ ಹತ್ತು ಹನ್ನೆರಡು ಮನೆಗಳಲ್ಲಿ ಬರೀ ಮರ ಮರಕ್ಕೆ ತಗುಲೋ ಕಟ್ ಕಟ್. ನೀನು ಒತ್ತುತ್ತಲೇ ಇದ್ದೆ. ನಿನ್ನ ಮುಖ ನೋಡಿ ಸ್ವರ ಇನ್ನೂ ಇದೆ ಅಂತ ಗೊತ್ತಾಯ್ತು. ನನ್ನ ಕಿವಿಯ ಕೂಗು ಪಿಯಾನೋದ ಕೊನೆಯ ಮನೆ ದಾಟಿದ ಮೇಲೆ ಶುರುವಾಗುತ್ತೆ ಅಂತ ನಾನಂದೆ. ಅದಕ್ಕೆ ನೀನು 'ಅಲ್ಲಿಗೆ ನಾನು ಬರೋಕಾಗಲ್ಲ ಭಾವ' ಅಂದೆ. ಅದು ನನಗೆ ಸರಿಯಾಗಿ ಕೇಳಿಸಿತು.

ಮುಖ್ಯಸ್ಥರು ನಿನ್ನೆ ಒಂಬತ್ತೂ ಕೇಳಿದರು. ಹಾಡು ಚೆನ್ನಾಗಿದೆ, ಇಬ್ಬರ ಹೆಸರೂ ಹಾಕ್ತೀವಿ ಅಂದರು. ಯಂತ್ರ ಬಂದಿದೆ. ಕಾಗದ ಮಡಚುವಾಗ ಇಷ್ಟು ಸದ್ದಾಗುತ್ತೆ ಅನ್ನೋದೇ ಮರೆತಿದ್ದೆ. ಸಂಗೀತ ಮಾತ್ರ ಅದರಲ್ಲಿ ತಗಡಿನ ಡಬ್ಬಿ.

ಕತ್ತರಿ ಹಾಕೋ ಮುಂಚಿನ ಮೂಲ ಧ್ವನಿಯ ಒಂದು ಪ್ರತಿ ಬೇಕು ಅಂತ ನೀನು ತಗೊಂಡು ಹೋದೆ. ಯಾಕೆ ಅಂತ ನಾನು ಕೇಳಲಿಲ್ಲ. ಅವನು ಈಗಲೂ ಗುನುಗ್ತಾನೆ. ಈಗ ಎದ್ದು ಹೋಗಿ ಸ್ಪೀಕರು ಮುಟ್ಟಿ ನೋಡಲ್ಲ. ಕೂತಿರ್ತೀನಿ.

ನಿನ್ನ ಭಾವ

೨೩ ಜುಲೈ

ಭಾವ,

ಕೂತು ಓದಿ.

ನೀವು ಪ್ರತಿ ಹಾಡಿನ ಶುರುವನ್ನ ಕಣ್ಣಳತೆಯಲ್ಲಿ ಕತ್ತರಿಸಿದ್ದೀರಿ, ಹಾಡಿನ ಮೊದಲ ಅಕ್ಷರದ ಹತ್ತಿರಕ್ಕೆ. ಅದಕ್ಕೆ ಮುಂಚಿನ ಭಾಗ ಆ ಮೂಲ ಪ್ರತಿಯಲ್ಲಿದೆ. ಎಲ್ಲ ಕೇಳಿದೆ. ಹೆಚ್ಚಿನದರಲ್ಲಿ ಏನೂ ಇಲ್ಲ. ಕುರ್ಚಿ ಸರಿಯುತ್ತೆ, ಬಾಟಲಿಯ ಮುಚ್ಚಳ ತಿರುಗುತ್ತೆ, ಅವನು ಗಂಟಲು ಸರಿಮಾಡ್ಕೊಳ್ತಾನೆ.

ನಾಲ್ಕು ಕಡೆ ಬೇರೇನೋ ಇದೆ. ಸೆಪ್ಟೆಂಬರ್ ಹನ್ನೊಂದು, ಸೆಪ್ಟೆಂಬರ್ ಮೂವತ್ತು, ಅಕ್ಟೋಬರ್ ಹತ್ತೊಂಬತ್ತು, ನವೆಂಬರ್ ಎಂಟು. ನಾಲ್ಕೂ ದಿನ ಅವನು ಒಂದೇ ಮಾತು ಕೇಳ್ತಾನೆ, ಪಕ್ಕದ ಚೆಲೋದವರಿಗೂ ಕೇಳಿಸಬಾರದು ಅನ್ನೋ ಹಾಗೆ, ತೀರಾ ಮೆಲ್ಲಗೆ. 'ಅಣ್ಣಾ, ನನ್ನ ಉಸಿರು ಸರಿಯಾಗಿದೆ ಅಲ್ವಾ?'

ಆಮೇಲೆ ಎರಡು ಮೂರು ಸೆಕೆಂಡು ಏನೂ ಇಲ್ಲ. ನಿಮ್ಮ ದನಿ ಇಲ್ಲ. ಆಮೇಲೆ ಅವನು 'ಸರಿ ಹಾಗಾದ್ರೆ' ಅಂತಾನೆ, ಹಾಡೋಕೆ ಶುರು ಮಾಡ್ತಾನೆ. ಆ 'ಸರಿ ಹಾಗಾದ್ರೆ' ಹಗುರವಾಗಿದೆ ಭಾವ. ಭಾರ ಇಳಿಸಿದವನ ಮಾತಿನ ಹಾಗಿದೆ. ಉತ್ತರ ಸಿಗದವನು ಹಾಗೆ ಅನ್ನಲ್ಲ.

ಆ ಮೂರು ಸೆಕೆಂಡಿನಲ್ಲಿ ನೀವೇನು ಮಾಡಿದಿರಿ?

ಇಂತಿ
ನಾನು

೨೮ ಜುಲೈ

ತಂಗೀ,

ಹಾಡಿಗೂ ಹಾಡಿಗೂ ನಡುವೆ ಸ್ಪೀಕರು ಪೂರ್ತಿ ತಗ್ಗಿಸಿಡ್ತಿದ್ದೆ. ಕೂಗು ಸ್ವಲ್ಪ ಕಮ್ಮಿಯಾಗಲಿ ಅಂತ. ಹಾಗಾಗಿ ಅವನು ಏನು ಹೇಳಿದರೂ ನನಗೆ ಬರ್ತಿರಲಿಲ್ಲ. ಆದರೆ ಗಾಜಿನ ಆಚೆ ಅವನ ತುಟಿ ಅಲ್ಲಾಡಿದ್ದು ನೋಡಿದ್ದೀನಿ. ಒಂದೆರಡು ಸಲ ಅಲ್ಲ, ಸುಮಾರು ಸಲ. ಮೈಕು ಸರಿಯಿದೆಯಾ, ಶುರು ಮಾಡಲಾ ಅಂತಿರಬೇಕು ಅಂದುಕೊಳ್ತಿದ್ದೆ. ಏನಂದೆ ಅಂತ ಕೇಳಬಹುದಿತ್ತು. ಕೇಳಿದರೆ ಕಿವಿಯ ವಿಷಯ ಗೊತ್ತಾಗ್ತಿತ್ತು.

ನಾನು ಹೆಬ್ಬೆರಳು ಎತ್ತಿದೆ. ನಗ್ತಾ ಎತ್ತಿದೆ. ಅವನೂ ನಕ್ಕ.



ಅಣ್ಣ

೧೨ ಸೆಪ್ಟೆಂಬರ್

ತಂಗೀ,

ಹಾಡುಗಳು ನಿನ್ನೆ ಹೊರಬಂದವು. ಒಂದು ಪ್ರತಿ ಕಳಿಸಿದ್ದೀನಿ. ನಿನ್ನ ಕಾಗದ ಬಂದು ಏಳು ವಾರ ಆಯ್ತು, ಬರಲ್ಲ ಅಂತ ಗೊತ್ತು, ದೂರೋಕೆ ಬರೀತಿಲ್ಲ. ಸ್ಟುಡಿಯೋ ಬಾಗಿಲ ಮೇಲಿನ ಹೆಸರು ತೆಗೆಸಿದೆ. ತಿರುಪು ಬಿಚ್ಚುವಾಗ ಕೆಲಸದವರು ಏನೋ ಕೇಳಿದರು. ಈ ಸಲ 'ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ' ಅಂದೆ. ಹಲಗೆ ಎಲ್ಲಿಡಲಿ ಅಂತ ಕೇಳಿದ್ದರಂತೆ.

ನಿನ್ನ ಭಾವ

೧೪ ನವೆಂಬರ್

ಭಾವ,

ಇಷ್ಟು ದಿನ ಬರೆಯದೆ ಇದ್ದದ್ದು ನಿಮ್ಮ ಮೇಲಿನ ಸಿಟ್ಟಿಗೆ ಅಂತ ನೀವು ತಿಳಿದಿರ್ತೀರಿ. ಹಾಗೇ ತಿಳಿದಿರಲಿ ಅಂತ ನಾನೂ ಮೂರೂವರೆ ತಿಂಗಳು ಬಿಟ್ಟೆ. ಎರಡೂವರೆ ವರ್ಷದಿಂದಲೂ ಹಾಗೇ ಬಿಟ್ಟಿದ್ದೆ.

ಹಾಡುಗಳು ಎಲ್ಲ ಕಡೆ ಕೇಳಿಸ್ತಿವೆ. ಮೊನ್ನೆ ಒಂದು ಸಭಾಂಗಣದಲ್ಲಿ ಪಿಯಾನೋದ ಹೊಟ್ಟೆಯೊಳಗೆ ತಲೆ ಹಾಕಿದ್ದೆ, ನೆಲ ಒರೆಸ್ತಿದ್ದಾಕೆ ತನ್ನ ಫೋನಿನಲ್ಲಿ ಏಳನೇ ಹಾಡು ಹಾಕಿದಳು. ಕೆಲಸ ಮಾಡ್ತಾ ಅವಳೂ ಜೊತೆಗೆ ಹಾಡಿದಳು. ಅವನು ಉಸಿರು ಎಳೆದ ಕಡೆಯೆಲ್ಲ ಅವಳೂ ಎಳೆದಳು. ನಾನು ತಂತಿ ಹಿಡಿದುಕೊಂಡು ಹಾಗೇ ನಿಂತೆ. ಅವಳು ನೋಡಿ, ಯಾಕೆ, ನಿಲ್ಲಿಸಲಾ ಅಂದಳು. ಬೇಡ, ಇರಲಿ ಅಂದೆ.

ಡಿಸೆಂಬರಿನಲ್ಲಿ ನನಗೆ ಮೂರು ವಾರ ಬಿಡುವಿದೆ. ನಿಮ್ಮ ಹತ್ತಿರ ಇನ್ನೂ ಅವನ ಹಳೇ ಧ್ವನಿಗಳಿವೆ ಅಂತ ಜೂನಿನಲ್ಲಿ ಅಂದಿದ್ದಿರಿ. ಕೆಳಗಿನದನ್ನ ಓದಿ. ಓದಿದ ಮೇಲೂ ನಾನು ಬರಬಹುದು ಅನ್ನಿಸಿದರೆ ಒಂದು ಸಾಲು ಬರೀರಿ.

ನನ್ನ ಕೆಲಸದ ಡೈರಿಯಲ್ಲಿ ಆ ವರ್ಷದ ಸೆಪ್ಟೆಂಬರ್ ಹನ್ನೊಂದು ಇದೆ. ಬೆಳಿಗ್ಗೆ ಎಂಟೂವರೆಗೆ ಒಂದು ಸಂಗೀತ ಕಚೇರಿಯ ಪಿಯಾನೋ. ನನಗೆ ಹೊತ್ತಾಗಿತ್ತು. ಅವನು ಮಂಚದ ಅಂಚಿಗೆ ಕೂತು ಬೂಟಿನ ದಾರ ಕಟ್ತಿದ್ದ. ಕಟ್ಟುವಾಗ ಬಗ್ಗಿದ್ದಕ್ಕೆ ಉಸಿರು ಸಿಕ್ಕಿಹಾಕ್ಕೊಂಡಿತು. ನನಗೆ ಕೇಳಿಸಿತು ಭಾವ. ಆ ದಿನ ಮಾತ್ರ ಅಲ್ಲ, ಆಗಸ್ಟಿನಿಂದಲೇ ಕೇಳಿಸ್ತಿತ್ತು. ಶೀತ ಅಂತಿದ್ದ, ಧೂಳು ಅಂತಿದ್ದ, ನಾನು ಒಪ್ಪಿಕೊಳ್ತಿದ್ದೆ. ಒಪ್ಪಿಕೊಳ್ಳೋದು ಸುಲಭವಾಗಿತ್ತು.

ಆ ದಿನ ಅವನೇ ತಲೆಯೆತ್ತಿ, 'ನಿನಗೆ ಅಷ್ಟು ಸೂಕ್ಷ್ಮ ಕಿವಿ ಇದೆ, ಇಲ್ಲಿ ಒಂಚೂರು ಕಿವಿಯಿಟ್ಟು ನೋಡೇ, ಏನೋ ಸದ್ದು ಬರ್ತಿದೆ' ಅಂತ ಎದೆ ಮುಟ್ಟಿ ತೋರಿಸಿದ. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿತ್ತು. ಮೂರು ತಿಂಗಳಿಂದ ಅವನು ಮನೆಯಲ್ಲಿ ಇರ್ತಿದ್ದದ್ದು ಮಲಗೋಕೆ ಮಾತ್ರ. ಚೀಲ ಹೆಗಲಿಗೆ ಹಾಕ್ಕೊಂಡಾಗಿತ್ತು, ಇಳಿಸಲಿಲ್ಲ.

'ಇಡೀ ದಿನ ಅವರ ಮೈಕಿನ ಮುಂದೆ ತಾನೇ ಇರ್ತೀಯ' ಅಂದೆ. 'ಹೋಗಿ ನಿಮ್ಮಣ್ಣನ್ನ ಕೇಳು.'

ಅವನು ಕೇಳಿದ.

ಇಂತಿ
ನಿಮ್ಮ ತಂಗಿ